ಚರಿತ್ರೆಯ ಹಾಡೂ ಬರಿಯ ಜಯಘೋಷವೂ

ಹಾನಗಲ್ಲಿನ ವೀರಗಲ್ಲೊಂದು 1196ನೆಯ ಇಸವಿಯ ಮುತ್ತಿಗೆಯನ್ನು ಹೇಳುತ್ತದೆ. ಹೊಯ್ಸಳ ವೀರಬಲ್ಲಾಳನು ಆನೆಕೆರೆಯಲ್ಲಿ ಬೀಡುಬಿಟ್ಟು ಊರನ್ನು ಮುತ್ತಿದನು. ಕದಂಬ ಕಾಮದೇವನ ದಂಡನಾಯಕ ಸೋಹಣಿಯ ಪಡೆಯು ಅವನನ್ನು ಹಿಮ್ಮೆಟ್ಟಿಸಿತು, ಆದರೆ ಸೋಹಣಿಯು ಮಡಿದನು. ಕಲ್ಲಿನಲ್ಲಿ ವರ್ಷವುಂಟು, ಕೆರೆಯ ಹೆಸರುಂಟು, ಸತ್ತವನ ಹೆಸರುಂಟು. ಇಂದು ಚರಿತ್ರೆಯ ಗೀತಗಳೆಂದು ಹೊರಡುವ ಧ್ವನಿಮುದ್ರಿಕೆಗಳಲ್ಲಿ ಅನೇಕಕ್ಕೆ ಈ ಎಚ್ಚರವೇ ಇಲ್ಲ. ವೀರನ ಹೆಸರೊಂದು, ಹತ್ತು ಸಲ ಜಯಕಾರ, ನಡುವೆ ಹುಲಿ, ಸಿಂಹ, ಗಂಡುಗಲಿ ಎಂಬ ಬಿರುದುಗಳು. ಆ ಹೆಸರನ್ನು ತೆಗೆದು ಮತ್ತೊಬ್ಬನ ಹೆಸರನ್ನಿಟ್ಟರೂ ಹಾಡು ಕೆಡದು. ಕೆಡದಿರುವುದೇ ಅದರ ದೋಷವು.

ಹಳೆಯ ಲಾವಣಿಕಾರರ ಮಾರ್ಗವು ಇದಲ್ಲ. 1857ರಲ್ಲಿ ಆಯುಧಗಳನ್ನೊಪ್ಪಿಸಲೊಲ್ಲದೆ ತಿರುಗಿಬಿದ್ದ ಹಲಗಲಿಯ ಬೇಡರ ಲಾವಣಿಯಲ್ಲಿ ಸರಕಾರದ ಹುಕುಮು ಉಂಟು, ಕಾದಿದವರ ಹೆಸರುಗಳುಂಟು. ಲೂಟಿಯಾದ ಉಪ್ಪು, ಬೆಲ್ಲ, ಬೆಣ್ಣೆಗಳ ಎಣಿಕೆಯೂ ಉಂಟು. ಕೊನೆಗೆ ಇರುವುದು ಸೋಲು. ಈ ದಂಗೆಯನ್ನು ಅಡಗಿಸಿದ ಸರಕಾರದ ಅಧಿಕಾರಿಯೇ ಆಗಿದ್ದ ಫ್ಲೀಟರು ಇಂತಹ ಲಾವಣಿಗಳನ್ನು ಬರೆದುಕೊಂಡು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚುಹಾಕಿಸಿದರು. ಪರಕೀಯನು ಕಂಡ ಬೆಲೆಯನ್ನು ಮನೆಯವರು ಕಾಣಬಾರದೇ?

ಲಾವಣಿಯಲ್ಲಿ ಉತ್ಪ್ರೇಕ್ಷೆಯಿರುವುದೆಂದು ಪಂಡಿತರು ಆಕ್ಷೇಪಿಸುವರು. ಇರಬಹುದು, ಗೆದ್ದವರ ದಫ್ತರದಲ್ಲಿ ಅದು ಇಲ್ಲವೇ? ಎರಡನ್ನೂ ಒರೆಗೆ ಹಚ್ಚುವುದೇ ವಿವೇಕವು. ದೀರ್ಘವಾದ ಹಾಡನ್ನು ಯಾರು ಕೇಳುವರೆಂದು ವ್ಯಾಪಾರಿಗಳು ಕೇಳುವರು. ಹಿಂದಿನ ಗ್ರಾಮೊಫೋನು ತಟ್ಟೆಯ ಒಂದು ಮಗ್ಗುಲಿಗೆ ಮೂರು ಮಿನಿಟುಗಳಷ್ಟೇ ಹಿಡಿಯುತ್ತಿದ್ದವು; ಆ ಕಟ್ಟು ಈಗಿಲ್ಲ. ಇಂಗ್ಲಂಡಿನ ಲೀಡ್ಸಿನಲ್ಲಿ ‘ಐ ಲೈಕ್ ಟ್ರೇನ್ಸ್’ ಎಂಬ ಪೋಸ್ಟ್-ರಾಕ್ ಮೇಳದವರು 2007ರಲ್ಲಿ ಹೊರಡಿಸಿದ ಧ್ವನಿಮುದ್ರಿಕೆಯೊಂದರಲ್ಲಿ, ಪ್ಲೇಗಿಗೆ ಸಿಕ್ಕ ಈಮ್ ಎಂಬ ಹಳ್ಳಿಯೂ 1812ರಲ್ಲಿ ಗುಂಡಿಗೆ ಬಲಿಯಾದ ಪ್ರಧಾನಿ ಪರ್ಸಿವಲನೂ ನಿಧಾನವಾದ ದೀರ್ಘಗೀತಗಳಿಗೆ ವಸ್ತುವಾಗಿದ್ದಾರೆ. ಅಲ್ಲಿ ಜಯಘೋಷವಿಲ್ಲ, ಶೋಕವುಂಟು. ಆದರೂ ಕೇಳುವವರು ದೊರೆತರು.

ಈ ಸೀಮೆಯಲ್ಲಿಯೂ ವಸ್ತುವಿಗೆ ಬಡತನವಿಲ್ಲ. 1786ರಲ್ಲಿ ಟಿಪ್ಪುವಿನ ದಂಡು ಬರಲು ಸವಣೂರಿನ ನವಾಬನು ಊರುಬಿಟ್ಟು ಹೋದನು. ಯಾರ ಜಯವನ್ನೂ ಕೂಗಲಾಗದ ಈ ಸಂಗತಿಯು ಹಾಡಿಗೆ ಬೇಡವೇ? 1943ರ ಏಪ್ರಿಲ್ 1ರಂದು ಹೊಸರಿತ್ತಿಯ ವೀರಭದ್ರ ದೇವಸ್ಥಾನದಲ್ಲಿ ಸರಕಾರದ ಕಂದಾಯದ ಹಣಕ್ಕೆ ಕೈಯಿಕ್ಕಿದ ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದರು. ಅವರೊಡನೆ ತಿರಕಪ್ಪ ಮಡಿವಾಳರೂ ವೀರಯ್ಯ ಹಿರೇಮಠರೂ ಸತ್ತರು. ಒಬ್ಬರಿಗೇ ಜಯವೆನ್ನುವ ಹಾಡು ಉಳಿದಿಬ್ಬರನ್ನು ಎರಡನೆಯ ಸಲ ಕೊಲ್ಲುವುದು.

ಆದುದರಿಂದ ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ವಿದ್ಯಾವಂತರು ಮಾಡತಕ್ಕ ಕೆಲಸವು ಸ್ಪಷ್ಟವಾಗಿದೆ. ಗೀಗೀ ಮೇಳದ ಮುದುಕರ ಬಾಯಲ್ಲಿರುವ ಪದಗಳನ್ನು ಅವರ ಆಡುಮಾತಿನಲ್ಲಿಯೇ, ಒಂದು ನುಡಿಯನ್ನೂ ಕತ್ತರಿಸದೆ ಧ್ವನಿಮುದ್ರಿಸಿಕೊಳ್ಳಬೇಕು. ಹಾಡಿದವರ ಹೆಸರು, ಊರು, ತಾರೀಖುಗಳನ್ನು ಬರೆದು ತಾಲೂಕು ಗ್ರಂಥಾಲಯದಲ್ಲಿ ಇಡಬೇಕು. ಹೊಸ ಹಾಡು ಕಟ್ಟುವವರು ಮೊದಲು ಅವುಗಳನ್ನು ಕೇಳಲಿ. ಕಲ್ಲು ಎಂಟುನೂರು ವರ್ಷ ಕಾಯಬಲ್ಲದು. ಮುದುಕನ ಕಂಠವು ಕಾಯಲಾರದು.