ಟವೆಲ್ ಕೆಳಗಿನ ಸಿಮೆಂಟ್ ರೇಟು

ನಮ್ಮ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಟವೆಲ್ ಮುಚ್ಕೊಂಡು ಬೆರಳಲ್ಲೇ ರೇಟು ಕುದುರಿಸ್ತಾರೆ. ಗುಟ್ಟೇನೋ ಹೌದು. ಆದ್ರೆ ಆ ಟವೆಲ್ ಕೆಳಗೆ ಕೊಳ್ಳೋನ ಕೈಯೂ ಇರುತ್ತೆ. ಮಾರೋರು ಮಾರೋರೇ ಬೆರಳು ಹಿಡ್ಕೊಂಡ್ರೆ ಅದು ವ್ಯಾಪಾರ ಅಲ್ಲ, ದರೋಡೆ.

ಸಿಮೆಂಟ್‌ನಲ್ಲಿ ಆಗಿದ್ದು ಅದೇ ಅಂತ ಭಾರತೀಯ ಸ್ಪರ್ಧಾ ಆಯೋಗ 2012ರಲ್ಲಿ 11 ಕಂಪನಿಗಳಿಗೆ 6,000 ಕೋಟಿಗೂ ಮೀರಿದ ದಂಡ ಹಾಕಿತು. ಅದು ರದ್ದಾಗಿ, 2016ರಲ್ಲಿ ಮತ್ತೆ ದಂಡ ಬಿತ್ತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು.

ದಂಡ ವಸೂಲಾದ್ರೂ ಹೋಗೋದು ಸರ್ಕಾರದ ಸಂಚಿತ ನಿಧಿಗೆ. 2011ರಲ್ಲಿ ಹಸು ಮಾರಿ ಮನೆ ಕಟ್ಟಿದ ನಮ್ಮಪ್ಪನಿಗೇನು?

ಕಾಯ್ದೆಯ 53ಎನ್ ಕಲಂ ಪರಿಹಾರ ಕೇಳೋ ಹಕ್ಕು ಕೊಡುತ್ತೆ, ನೂರಾರು ಜನರ ಪರವಾಗಿ ಒಬ್ಬರೇ ಕೇಳಬಹುದು. ಆದ್ರೆ ಮೊದಲು ತಪ್ಪಾಗಿದೆ ಅಂತ ಆಯೋಗವೋ ನ್ಯಾಯಮಂಡಳಿಯೋ ಹೇಳಿರಬೇಕು. ಆಮೇಲೆ ನಷ್ಟ ಎಷ್ಟಂತ ನಾವೇ ತೋರಿಸಬೇಕು. ಅಪ್ಪನ ಹತ್ರ ಬಿಲ್ಲೇ ಇಲ್ಲ!

ಅಮೆರಿಕದಲ್ಲಿ 1914ರ ಕ್ಲೇಟನ್ ಕಾಯ್ದೆಯಿಂದ ಇಂಥ ನಷ್ಟಕ್ಕೆ ಮೂರು ಪಟ್ಟು ಪರಿಹಾರ, ಮೇಲೆ ವಕೀಲರ ಫೀಸು. ನಮಗೆ ಮೂರು ಪಟ್ಟು ಬೇಡ ಸ್ವಾಮಿ, ಅಸಲಾದ್ರೂ ಬರಲಿ. ರೇಟಿನ ಲೆಕ್ಕ ಇರೋದು ಕಂಪನಿಗಳ ಪುಸ್ತಕದಲ್ಲಿ. ಸಾಬೀತು ಮಾಡೋ ಹೊರೆಯೂ ಅವರ ಮೇಲೇ ಇರಲಿ. ಟವೆಲ್ ಹಾಕಿದವರೇ ತೆಗೀಲಿ.