ಒಂದು ಹಲ್ಲಿನ ಲೆಕ್ಕ

ಕಳೆದ ತಿಂಗಳ ಒಂದು ರವಿವಾರ ನಾವು ಮಕ್ಕಳ ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತ ಕುಳಿತಿದ್ದೆವು. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. “ಗುರುಗಳ, ನಮ್ಮ ಹುಡುಗ ಅಂಗಳದಾಗ ಗಾಡಿ ಬಿಚ್ಚಿ ಕುಂತಾನ್ರಿ. ಎರಡೆಕರೆ ಹೊಲ ಮಾರಿ ತಂದ ಗಾಡಿ ಅದ. ನೀವೇ ಒಂದ್ ಮಾತ ಹೇಳ್ರಿ” ಎಂದರು. ಜಹೀರಾಬಾದಿನಿಂದ ಬೀದರಕ್ಕೆ ಜನರನ್ನು ಕರೆದೊಯ್ಯುವ ಆ ಹಳೆಯ ಕಾರೇ ಮನೆಯವರ ಅನ್ನ. ನಾವು ಕೆಂಪು ಶಾಯಿಯ ಪೆನ್ನನ್ನು ಅಲ್ಲಿಯೇ ಇಟ್ಟು ಹೊರಟೆವು.

ನಮ್ಮ ಸೀಮೆಗೆ ಯಂತ್ರವೇನೂ ಹೊಸದಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ, ಗುಲಬರ್ಗಾ ಜಿಲ್ಲೆಯ ತಾಂಡೂರೂ ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿಯ ಗೆರೆ ಸರಿದರೂ ಹೆಣ್ಣು ಕೊಡುವುದು, ತರುವುದು, ಸಂತೆಗೆ ಹೋಗುವುದು ಸರಿಯಲಿಲ್ಲ. ಆದುದರಿಂದ ಗಾಡಿ ನಮಗೆ ಬೇಕೇ ಬೇಕು. 1980ರ ದಶಕದಲ್ಲಿ ಜಹೀರಾಬಾದಿನಲ್ಲಿ ಆಲ್ವಿನ್ ನಿಸ್ಸಾನ್ ಲಾರಿಗಳು ತಯಾರಾದವು. ಬಳಿಕ ಆ ಕಾರ್ಖಾನೆ ಮಹೀಂದ್ರಾದವರ ಕೈಸೇರಿತು. ಹೀಗಾಗಿ ನಮ್ಮ ಹಳ್ಳಿಗಳಲ್ಲಿ ಪಾನಾ ಹಿಡಿಯಬಲ್ಲ ಕೈಗಳಿಗೆ ಕೊರತೆಯಿಲ್ಲ. ಕೊರತೆ ಇರುವುದು ಬೇರೆಡೆ.

ಅಂಗಳದಲ್ಲಿ ಕಂಡ ನೋಟವಿದು. ಬಾನೆಟ್ಟು ತೆರೆದಿದೆ, ಗೋಣಿಚೀಲದ ಮೇಲೆ ಬೋಲ್ಟುಗಳು ರಾಶಿಯಾಗಿವೆ, ಹುಡುಗನ ಕೈಯಲ್ಲಿ ನೀಲಿ ಬಣ್ಣದ ಹೊಳೆಯುವ ಚಕ್ರವೊಂದಿದೆ. ಅದು ಹೊರಗಿನಿಂದ ತರಿಸಿದ, ಹೊಂದಿಸಲು ಬರುವ ಕ್ಯಾಮ್ ಗೇರಂತೆ. ಅದನ್ನು ಹಾಕಿದರೆ ಗಾಡಿಯ ಎಳೆತ ಹೆಚ್ಚುವುದೆಂದು ಯಾರೋ ಹೇಳಿದ್ದರು. ಒಮ್ಮೆ ಜೋಡಿಸಿಯೂ ನೋಡಿದ್ದನು. ಕೈಯಿಂದ ಎಂಜಿನ್ ತಿರುಗಿಸಿದಾಗ ಪಾನಾ ನಡುವೆ ಗಕ್ಕನೆ ನಿಂತಿತು. ಇನ್ನೂ ಬಲವಾಗಿ ಎಳೆಯಲು ಕೊಳವೆಯೊಂದನ್ನು ಪಾನಾಕ್ಕೆ ತೊಡಿಸುತ್ತಿದ್ದನು. ಅಷ್ಟರಲ್ಲಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನೆರೆಮನೆಯ ಕಾಕಾ, “ಏ ತಮ್ಮಾ, ಕೈ ತೆಗಿ! ವಾಲ್ವು ಬಾಗ್ತದ” ಎಂದು ಕೂಗಿದರು.

ಎಂಜಿನ್ನು ನಮ್ಮ ವಿಷಯವಲ್ಲ. ಲೆಕ್ಕ ನಮ್ಮ ವಿಷಯ. ತಿಳಿದುದರಿಂದ ತಿಳಿಯದುದಕ್ಕೆ ಸಾಗಬೇಕೆಂದು ಶಿಕ್ಷಕರ ತರಬೇತಿಯಲ್ಲಿ ನಮಗೆ ಕಲಿಸಿದ್ದರು. ಆದ್ದರಿಂದ ಹುಡುಗನಿಗೆ, “ಕೆಳಗಿನ ಚಕ್ರಕ್ಕೆ ಎಷ್ಟು ಹಲ್ಲು, ಮೇಲಿನದಕ್ಕೆ ಎಷ್ಟು, ಎಣಿಸು” ಎಂದೆವು. ಕೆಳಗೆ 20, ಮೇಲೆ 40. “ಅಂದರೆ ಕೆಳಗಿನದು ಎರಡು ಸುತ್ತು ಬಂದಾಗ ಮೇಲಿನದು ಎಷ್ಟು ಸುತ್ತು?” “ಒಂದ್ರಿ.” “ಏಕೆ ಹಾಗೆ?” ಹುಡುಗ ಸುಮ್ಮನಾದನು.

ಕಾಕಾ ವಿವರಿಸಿದರು. ಪಿಸ್ಟನ್ನಿನ ಕೆಲಸ ನಾಲ್ಕು ಹೆಜ್ಜೆಯದು: ಗಾಳಿ ಇಂಧನಗಳನ್ನು ಎಳೆದುಕೊಳ್ಳುವುದು, ಒತ್ತುವುದು, ಉರಿದು ತಳ್ಳಿಸಿಕೊಳ್ಳುವುದು, ಹೊಗೆಯನ್ನು ಹೊರದಬ್ಬುವುದು. ಇಷ್ಟಕ್ಕೆ ಕೆಳಗಿನ ಕ್ರ್ಯಾಂಕು ಎರಡು ಸುತ್ತು ಬರಬೇಕು. ಆದರೆ ಪ್ರತಿ ವಾಲ್ವೂ ತೆರೆಯಬೇಕಾದದ್ದು ಒಂದೇ ಸಲ. ಆದುದರಿಂದಲೇ ಮೇಲಿನ ಕ್ಯಾಮಿಗೆ ಅರ್ಧ ವೇಗ. ಇವೆರಡನ್ನೂ ಕಟ್ಟಿಹಾಕಿದ ಹಗ್ಗವೇ ಟೈಮಿಂಗ್ ಬೆಲ್ಟು.

ನಾವು ನೆಲದ ಮೇಲೆ ಸೀಮೆಸುಣ್ಣದಿಂದ ಬರೆದೆವು. ಒಂದು ಸುತ್ತಿಗೆ 360 ಡಿಗ್ರಿ. 40 ಹಲ್ಲಿನಿಂದ ಭಾಗಿಸಿದರೆ ಹಲ್ಲಿಗೆ 9 ಡಿಗ್ರಿ. ಕ್ರ್ಯಾಂಕಿನ ಲೆಕ್ಕದಲ್ಲಿ ಅದು 18. ನಮ್ಮ ಹುಡುಗನ ಚಕ್ರ ನಾಲ್ಕು ಹಲ್ಲು ತಪ್ಪಿತ್ತು: 72 ಡಿಗ್ರಿ! ವಾಲ್ವು ಇನ್ನೂ ಕೆಳಗಿಳಿದಿರುವಾಗಲೇ ಪಿಸ್ಟನ್ನು ಮೇಲೇರಿ ಬಂದು ಅದಕ್ಕೆ ತಾಗುತ್ತಿತ್ತು. ಬೆಲ್ಟು ಬಿಚ್ಚುವ ಮೊದಲು ಗುರುತುಗಳನ್ನು ಹೊಂದಿಸಿ ಬಣ್ಣ ಹಚ್ಚಿಕೊಳ್ಳದೆ ಇದ್ದುದರಿಂದ, ಬೆಲ್ಟು ಸಡಿಲವಾದೊಡನೆ ವಾಲ್ವಿನ ಸ್ಪ್ರಿಂಗುಗಳು ಕ್ಯಾಮನ್ನು ತಾವೇ ತಿರುಗಿಸಿಬಿಟ್ಟಿದ್ದವು.

ಮನೆಯಲ್ಲಿ ಇಂಥ ಕೆಲಸಕ್ಕೆ ಕೈಹಾಕುವವರು ಈ ಕ್ರಮವನ್ನು ನೆನಪಿಡಬೇಕು. ಎಂಜಿನ್ನು ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ತಂತಿಯನ್ನು ಕಳಚಿರಿ. ಮೊದಲ ಪಿಸ್ಟನ್ನನ್ನು ತುತ್ತತುದಿಗೆ ತಂದು, ಮೇಲಿನ ಕೆಳಗಿನ ಗುರುತುಗಳೆರಡೂ ಕೂಡಿದುದನ್ನು ಕಂಡ ಮೇಲೆಯೇ ಬೆಲ್ಟನ್ನು ಸಡಿಲಿಸಿರಿ. ಕ್ಯಾಮಿನ ಬೋಲ್ಟು ಬಿಚ್ಚುವಾಗ ಬೆಲ್ಟಿನ ಬಲದಿಂದ ಚಕ್ರವನ್ನು ಹಿಡಿಯದೆ ತಕ್ಕ ಹಿಡಿಕೆಯಿಂದ ಹಿಡಿಯಿರಿ. ಜೋಡಿಸಿದ ಬಳಿಕ ಎಂಜಿನ್ನು ಓಡುವ ದಿಕ್ಕಿನಲ್ಲೇ ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿ, ಗುರುತುಗಳು ಮತ್ತೆ ಕೂಡಿದವೇ ಎಂದು ನೋಡಿರಿ. ನಡುವೆ ತಡೆ ಕಂಡರೆ ಬಲ ಹಾಕದೆ ನಿಲ್ಲಿಸಿರಿ.

ಕಾಕಾ ಬೆಲ್ಟನ್ನು ತೆಗೆಯಿಸಿದರು. ನಾಲ್ಕು ಸಿಲಿಂಡರಿನ ಆ ಎಂಜಿನ್ನಿನ ಕ್ರ್ಯಾಂಕನ್ನು ತುದಿಯಿಂದ ಕಾಲು ಸುತ್ತು ಹಿಂದೆ ಸರಿಸಿ, ಎಲ್ಲ ಪಿಸ್ಟನ್ನುಗಳನ್ನೂ ನಡುಮಟ್ಟಕ್ಕೆ ತಂದರು. ಈಗ ಕ್ಯಾಮ್ ತಿರುಗಿದರೂ ತಾಗುವ ಭಯವಿಲ್ಲ. ಅದರ ಗುರುತನ್ನು ಹೊಂದಿಸಿ ಕ್ರ್ಯಾಂಕನ್ನು ಮೆಲ್ಲನೆ ಮೇಲಕ್ಕೆ ತಂದರು.

“ಈಗ ಹೇಳು, ಯಾವ ಚಕ್ರ ಹಾಕೋಣ?” ಎಂದು ಕೇಳಿದೆವು. ನೀಲಿ ಚಕ್ರದ ಹೊರಬಳೆಯನ್ನು ಕೆಲವು ಡಿಗ್ರಿ ಹಿಂದೆ ಮುಂದೆ ಸರಿಸಬಹುದು. ಮುಂದೆ ಸರಿಸಿದರೆ ವಾಲ್ವು ಬೇಗ ತೆರೆದು ಬೇಗ ಮುಚ್ಚುತ್ತದೆ. ಸಾಮಾನ್ಯವಾಗಿ ನಿಧಾನದ ಓಟದಲ್ಲಿ ಎಳೆತ ಹೆಚ್ಚಿ, ವೇಗದ ಓಟದಲ್ಲಿ ತಗ್ಗುತ್ತದೆ. ಹಿಂದೆ ಸರಿಸಿದರೆ ಇದಕ್ಕೆ ವಿರುದ್ಧ. ಒಂದು ಕಡೆ ಪಡೆದುದನ್ನು ಇನ್ನೊಂದು ಕಡೆ ಕೊಡಬೇಕು. ಎಂಜಿನ್ನಿನ ತಲೆಯನ್ನು ಸವರಿ ತೆಳುವಾಗಿಸಿದಾಗ ಅಥವಾ ಬೇರೆ ಕ್ಯಾಮ್ ಹಾಕಿದಾಗ ಲೆಕ್ಕ ಸರಿಪಡಿಸಲು ಅದು ನಿಜಕ್ಕೂ ಬೇಕು. ಬಾಡಿಗೆಯ ಗಾಡಿಗೆ, ಅಳೆಯುವ ಸಾಧನವಿಲ್ಲದೆ, ಅದರಿಂದ ಬರುವ ಲಾಭ ಅಲ್ಪ. ಅಲ್ಲದೆ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವುದರ ಮೇಲೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಕಟ್ಟುಪಾಡೂ ಇದೆ.

ಹುಡುಗ ಬಹಳ ಹೊತ್ತು ಯೋಚಿಸಿ ಹಳೆಯ ಚಕ್ರವನ್ನೇ ಒರೆಸಿ ಹಾಕಿದನು. ಬೆಲ್ಟನ್ನು ಮಾತ್ರ ಹೊಸದು ತಂದನು. ಎರಡು ಸುತ್ತು ತಿರುಗಿಸಿದನು, ಗುರುತು ಕೂಡಿತು. ಸಂಜೆ ಗಾಡಿ ಶುರುವಾದಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಚಹಾ ತಂದುಕೊಟ್ಟರು.

ಹೊರಡುವಾಗ ಹುಡುಗ, “ಸರ್, ಇದು ನೀವು ಐದನೇ ಇಯತ್ತೆದಾಗ ಹೇಳಿದ ಲೆಕ್ಕಾನೇ ಅಲ್ರಿ?” ಎಂದನು. ಹೌದು, ಅದೇ ಲೆಕ್ಕ. ನಾವು ಅದನ್ನು ಕರಿಹಲಗೆಯ ಮೇಲೆ ಬರೆಸಿದೆವು, ಬಾಯಿಪಾಠ ಮಾಡಿಸಿದೆವು. ಒಂದು ಸೈಕಲ್ಲಿನ ಹಲ್ಲುಚಕ್ರವನ್ನಾದರೂ ತಂದು ತೋರಿಸಲಿಲ್ಲ. ಅಂದು ನಾವು ತೋರಿಸಿದ್ದರೆ ಇಂದು ಅವನು ಪಾನಾಕ್ಕೆ ಕೊಳವೆ ತೊಡಿಸುತ್ತಿರಲಿಲ್ಲ. ತಪ್ಪಿದ ನಾಲ್ಕು ಹಲ್ಲುಗಳಲ್ಲಿ ಒಂದಾದರೂ ನಮ್ಮ ಲೆಕ್ಕಕ್ಕೆ ಸೇರಬೇಕು.

ಮರುದಿನ ಸೋಮವಾರ. ನಮ್ಮ ಸೈಕಲ್ಲನ್ನು ತಳ್ಳಿಕೊಂಡೇ ಐದನೆಯ ತರಗತಿಯ ಒಳಗೆ ಹೋದೆವು.