ಏರಿಗೆ ಎಷ್ಟು ಹಲ್ಲು?

ಪಾಪಿನಾಯಕನಹಳ್ಳಿಯಿಂದ ಕಂಪ್ಲಿ ಕಡೆಗೆ ಸೈಕಲ್ ತಿರುಗಿಸಿದವನಿಗೆ, ಕಾಲುವೆ ನೀರಿನ ಗದ್ದೆಬಯಲು ಸಿಕ್ಕಮೇಲೆ ಕಾಲಿಗೆ ಹೆಚ್ಚು ಕೆಲಸವಿಲ್ಲ. ಸಂಡೂರಿನ ಕಡೆಗೆ ತಿರುಗಿಸಿದವನ ಪಾಡು ಬೇರೆ. ಕೆಂಪು ಗುಡ್ಡಗಳ ಸಾಲಿನಲ್ಲಿ ಮೊದಲು ಸೀಟಿನಿಂದೆದ್ದು ನಿಂತು ತುಳಿಯಬೇಕು, ಆಮೇಲೆ ಇಳಿದು ತಳ್ಳಬೇಕು. ಹಾಗಾಗಿ ಹೊಸ ಸೈಕಲ್ ಕೊಳ್ಳುವ ಮಾತು ಬಂದಾಗ ಮನೆಯಲ್ಲಿ ಜಗಳ ಖಚಿತ. "ಯಪ್ಪಾ, ಈ ಸಲ ಗೇರಿನ ಸೈಕಲ್ಲೇ ಕೊಡಿಸು" ಎಂದು ಮಗ, "ನಿಮ್ಮ ತಾತ ಯಾವ ಗೇರ್ ಹಾಕ್ಕೊಂಡು ಹೋಗಿ ಬರ್ತಿದ್ದ?" ಎಂದು ಅಪ್ಪ.

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದರ್ಧ ಇರುವುದು ಹಿಂದಿನ ಚಕ್ರದ ಫ್ರೀವೀಲ್‌ನಲ್ಲಿ.

ಒಂದು ಲೆಕ್ಕ ಮಾಡಿ ನೋಡಿ. ಹಳೆಯ ಮಾದರಿಯ 28 ಇಂಚಿನ ಸೈಕಲ್ಲಿಗೆ ಪೆಡಲಿನ ಹತ್ತಿರ 44 ಹಲ್ಲು, ಹಿಂದೆ 18 ಹಲ್ಲು ಇದೆ ಎಂದುಕೊಳ್ಳಿ. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು 5.4 ಮೀಟರ್ ಮುಂದೆ ಹೋಗುತ್ತದೆ. ಅಷ್ಟರಲ್ಲಿ ಕಾಲು ಸುತ್ತಿರುವುದು ಹೆಚ್ಚುಕಡಿಮೆ 1.07 ಮೀಟರ್ ಮಾತ್ರ. ಅಂದರೆ ಕಾಲು ನಡೆದ ದೂರದ ಐದು ಪಟ್ಟು ಸೈಕಲ್ಲು ಓಡಿತು. ಪ್ರಕೃತಿ ಇದನ್ನು ಪುಕ್ಕಟೆ ಕೊಡುವುದಿಲ್ಲ; ರಸ್ತೆಯ ಮೇಲೆ ಒಂದು ಕಿಲೊ ತೂಕದಷ್ಟು ಬಲ ಬೇಕಾದರೆ ಪೆಡಲಿನ ಮೇಲೆ ಐದು ಕಿಲೊ ಹಾಕಬೇಕು. ಸಮತಟ್ಟಿನಲ್ಲಿ ಇದು ಲಾಭದ ವ್ಯಾಪಾರ, ಏರಿನಲ್ಲಿ ನಷ್ಟದ್ದು.

ಈಗ 50 ಕಿಲೊ ತೂಗುವ ಹುಡುಗ, 20 ಕಿಲೊ ಸೈಕಲ್ಲು, 5 ಕಿಲೊ ಚೀಲ. ಇಪ್ಪತ್ತು ಅಡಿಗೆ ಒಂದಡಿ ಏರುವ ರಸ್ತೆ. ಟೈರಿನ ಘರ್ಷಣೆಯನ್ನೂ ಸೇರಿಸಿದರೆ ನಾಲ್ಕೂವರೆ ಕಿಲೊದಷ್ಟು ಬಲ ಬೇಕು. ಪೆಡಲಿನ ಮೇಲೆ ಸರಾಸರಿ 22 ಕಿಲೊ. ಆದರೆ ಪೆಡಲು ಮೇಲೆ ಮತ್ತು ಕೆಳಗೆ ಇದ್ದಾಗ ತುಳಿತ ವ್ಯರ್ಥ, ಆದ್ದರಿಂದ ನಡುವೆ ಒಂದೂವರೆ ಪಟ್ಟು, ಸುಮಾರು 35 ಕಿಲೊ ಒತ್ತಬೇಕು. ಏದುಸಿರು ಬರುತ್ತದೆ, ಆದರೂ ಆಗುತ್ತದೆ. ಕ್ಯಾರಿಯರ್ ಮೇಲೆ 40 ಕಿಲೊ ಜೋಳದ ಚೀಲ ಇಟ್ಟರೆ? ಒತ್ತಬೇಕಾದದ್ದು 54 ಕಿಲೊ! ಹುಡುಗನ ಮೈತೂಕವೇ 50. ಪೆಡಲಿನ ಮೇಲೆ ಎದ್ದು ನಿಂತರೂ ಸೈಕಲ್ಲು ಅಲುಗದು. ಅವನು ಇಳಿದು ತಳ್ಳುವುದು ಸೋಮಾರಿತನದಿಂದಲ್ಲ.

ಅದೇ ಚೀಲ ಹೊತ್ತ ಗೇರಿನ ಸೈಕಲ್ಲಿನಲ್ಲಿ ಮುಂದೆ 28, ಹಿಂದೆ 28 ಹಲ್ಲಿನ ಜೋಡಿ ಸಿಕ್ಕಿದರೆ 21 ಕಿಲೊ ಸಾಕು, ಕುಳಿತೇ ಏರಬಹುದು. ಆದರೆ ನಿಮಿಷಕ್ಕೆ 60 ಸುತ್ತು ತುಳಿದರೂ ವೇಗ ಗಂಟೆಗೆ ಏಳೂವರೆ ಕಿಲೊಮೀಟರ್ ದಾಟದು. ಗೇರು ಬಲವನ್ನು ಹುಟ್ಟಿಸುವುದಿಲ್ಲ. ಹೆಚ್ಚು ಸುತ್ತು ತುಳಿಸಿ ಭಾರವನ್ನು ಕಂತಿನಲ್ಲಿ ತೀರಿಸಿಕೊಳ್ಳುತ್ತದೆ, ಅಷ್ಟೆ. ಗುಡ್ಡ ಹತ್ತುವ ಒಟ್ಟು ಕೆಲಸ ಎರಡರಲ್ಲೂ ಒಂದೇ.

ಈ ಜಗಳ ಹೊಸದೇನಲ್ಲ. ಫ್ರಾನ್ಸಿನ ಪ್ರಸಿದ್ಧ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಚೈನನ್ನು ಹಲ್ಲಿನಿಂದ ಹಲ್ಲಿಗೆ ಹಾರಿಸುವ ಗೇರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅದಕ್ಕೂ ಮೊದಲು ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ಹಿಂದುಮುಂದಾಗಿ ತಿರುಗಿಸಿ ಹಾಕುತ್ತಿದ್ದರು. ಆ ಮಗ್ಗುಲಲ್ಲಿ ಹೆಚ್ಚು ಹಲ್ಲಿನ ಚಕ್ರ ಇರುತ್ತಿತ್ತು. ಪಂದ್ಯದ ವೀರರೇ ಅಷ್ಟು ಮಾಡುತ್ತಿದ್ದಾಗ ನಮ್ಮ ಹುಡುಗರು ಬರೀ ಕಾಲಿನ ಬಲ ನಂಬಬೇಕೆನ್ನುವುದು ನ್ಯಾಯವಲ್ಲ. 2006-07ರಿಂದ ಸರ್ಕಾರ ಎಂಟನೇ ತರಗತಿಯ ಮಕ್ಕಳಿಗೆ ಹಂಚಲು ತೊಡಗಿದ ಉಚಿತ ಸೈಕಲ್ಲುಗಳಿಗೂ ಗೇರು ಇರಲಿಲ್ಲ. ಬಯಲಿಗೂ ಅದೇ, ಗುಡ್ಡಕ್ಕೂ ಅದೇ.

ಹಾಗೆಂದು ಎಲ್ಲರೂ ಗೇರಿನ ಸೈಕಲ್ ಕೊಳ್ಳಬೇಕೆಂದಲ್ಲ. ಗೇರು ಬದಲಿಸುವ ಸಾಧನ ಹಿಂದಿನ ಚಕ್ರದ ಪಕ್ಕದಲ್ಲಿ ನೆಲದ ಸಮೀಪ ನೇತಾಡುತ್ತದೆ. ಅದಿರಿನ ದೂಳು ಎಣ್ಣೆಯೊಂದಿಗೆ ಕಲೆತರೆ ಚೈನಿಗೆ ಅದು ಉಜ್ಜುಕಾಗದ. ಬಸ್ಸಿನ ಟಾಪಿನ ಮೇಲೆ ಹಾಕಿದಾಗ ಬಾಗಿದರೆ ಮುಗಿಯಿತು, ಚೈನು ಹಲ್ಲಿಗೆ ಕೂರುವುದಿಲ್ಲ. ಊರಿನ ಸೈಕಲ್ ಶಾಪಿನಲ್ಲಿ ಅದರ ಬಿಡಿಭಾಗ ಇರಬೇಕಲ್ಲ! ಒಂಟಿ ಹಲ್ಲುಚಕ್ರದ ಸೈಕಲ್ಲಾದರೆ ಚೈನ್ ಕವರಿನೊಳಗೆ ವರ್ಷಗಟ್ಟಲೆ ತೆಪ್ಪಗಿರುತ್ತದೆ.

ನಡುವಿನ ದಾರಿಯೊಂದನ್ನು ಅಪ್ಪನೂ ಮಗನೂ ಮರೆಯುತ್ತಾರೆ. ಹಿಂದಿನ 18 ಹಲ್ಲಿನ ಫ್ರೀವೀಲ್ ತೆಗೆಸಿ 22 ಹಲ್ಲಿನದು ಹಾಕಿಸುವುದು. ಚೈನಿಗೆ ಒಂದು ಕೊಂಡಿ ಸೇರಿಸಬೇಕಾದೀತು. ಆಗ ಜೋಳದ ಚೀಲದ ಲೆಕ್ಕ 54ರಿಂದ 45 ಕಿಲೊಗೆ ಇಳಿಯುತ್ತದೆ: ಹುಡುಗ ಎದ್ದು ನಿಂತರೆ ಸೈಕಲ್ಲು ಏರುತ್ತದೆ. ಸಮತಟ್ಟಿನಲ್ಲಿ ಗಂಟೆಗೆ 19ರ ಬದಲು 16 ಕಿಲೊಮೀಟರ್. ಆ ಮೂರು ಕಿಲೊಮೀಟರಿಗೆ ಅಳುವವರು ಯಾರು? ಚಿಕ್ಕ ದಿಬ್ಬಗಳ ದಾರಿಯಲ್ಲಿ ನಿತ್ಯ ಶಾಲೆಗೆ ಹೋಗುವವನಿಗೆ ಇದೇ ಸರಿ. ಕುಮಾರಸ್ವಾಮಿ ಬೆಟ್ಟದ ಘಾಟಿಯಂಥ ಉದ್ದನೆಯ ಏರನ್ನು ಮತ್ತೆ ಮತ್ತೆ ಹತ್ತುವವನು ಮಾತ್ರ ದುಡ್ಡು ಹೊಂದಿಸಿಕೊಂಡು ಗೇರಿನದನ್ನೇ ಕೊಳ್ಳಲಿ. ಅವನ ಮಂಡಿಗೆ ಬಿಡಿಭಾಗ ಸಿಗುವುದಿಲ್ಲ.

ಯಾವುದನ್ನೇ ಕೊಳ್ಳಿ, ಬ್ರೇಕ್ ನೋಡಿ ಕೊಳ್ಳಿ. ಹತ್ತಲಾರದವನು ಇಳಿದು ತಳ್ಳಬಹುದು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದವನಿಗೆ, ಎದುರಿಗೆ ಅದಿರಿನ ಲಾರಿ ಬರುವಾಗ, ಆ ಅನುಕೂಲವಿಲ್ಲ. ಮಳೆಯಲ್ಲಿ ನೆನೆದ ಉಕ್ಕಿನ ರಿಮ್ಮಿನ ಮೇಲೆ ಬ್ರೇಕಿನ ರಬ್ಬರು ಜಾರುತ್ತದೆಂಬುದು ನೆನಪಿರಲಿ.

ಅಂಗಡಿಯಲ್ಲಿ ಹಲ್ಲು ಎಣಿಸಲು ಸಂಕೋಚವಾದರೆ ಹಿಂದಿನ ಚಕ್ರ ಎತ್ತಿ ಹಿಡಿದು, ಪೆಡಲನ್ನು ಕೈಯಿಂದ ಸರಿಯಾಗಿ ಒಂದು ಸುತ್ತು ತಿರುಗಿಸಿ, ಗಾಳಿ ತುಂಬುವ ವಾಲ್ವ್ ಎಷ್ಟು ಸಲ ಸುತ್ತಿತು ನೋಡಿ. ಎರಡೂವರೆ ಸುತ್ತಾದರೆ ಅದು ಕಂಪ್ಲಿ ರಸ್ತೆಯ ಸೈಕಲ್ಲು. ಎರಡೇ ಸುತ್ತಾದರೆ ದಿಬ್ಬದ ಮೇಲೆ ಒಮ್ಮೆ ಓಡಿಸಿ ನೋಡಿ, ಆಮೇಲೆ ದರ ಮಾತಾಡಿ.